ಮಣ್ಣಿನ ಜೀವವನ್ನು ಪೊಟ್ಟಣ ಕಟ್ಟಿದ ಕಾಲ

ಜರ್ಮನಿಯ ಬೆರ್ನ್‌ಬುರ್ಗ್ ಎಂಬ ಊರಿನ ಕೃಷಿ ಪ್ರಯೋಗಾಲಯದಲ್ಲಿ 1880ರ ದಶಕದ ನಡುವೆ ಗಾಜಿನ ಕುಂಡಗಳ ಸಾಲುಗಳಿದ್ದವು. ಕುಂಡಗಳಲ್ಲಿ ಮಣ್ಣಿರಲಿಲ್ಲ, ಬರೀ ಶುದ್ಧ ಮಾಡಿದ ಮರಳು. ಗಿಡಕ್ಕೆ ಬೇಕಾದ ಪೊಟ್ಯಾಷ್, ರಂಜಕ, ಸುಣ್ಣ ಎಲ್ಲವನ್ನೂ ತೂಗಿ ಹಾಕಿ, ಸಾರಜನಕವನ್ನು ಮಾತ್ರ ಒಂದು ಕುಂಡಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಮತ್ತೊಂದಕ್ಕೆ ಏನೂ ಇಲ್ಲ ಎಂಬಂತೆ ಕೊಡುವುದು ಅಲ್ಲಿನ ಮುಖ್ಯಸ್ಥ ಹರ್ಮನ್ ಹೆಲ್‌ರೀಗೆಲ್ ಅವರ ಪದ್ಧತಿ. ಬಾರ್ಲಿ ಮತ್ತು ಓಟ್ಸ್ ಲೆಕ್ಕಕ್ಕೆ ಸರಿಯಾಗಿ ಬೆಳೆದವು. ಎಷ್ಟು ಕೊಟ್ಟರೋ ಅಷ್ಟೇ ಫಸಲು, ಕೊಡದ ಕುಂಡದಲ್ಲಿ ಒಣಕಲು ಕಡ್ಡಿ. ಲೆಕ್ಕ ಕೆಡಿಸಿದ್ದು ಬಟಾಣಿ. ಸಾರಜನಕವೇ ಇಲ್ಲದ ಎರಡು ಕುಂಡಗಳು ಪಕ್ಕಪಕ್ಕದಲ್ಲೇ ಇದ್ದರೂ ಒಂದರಲ್ಲಿ ಬಳ್ಳಿ ಹಳದಿಯಾಗಿ ಹಸಿವಿನಿಂದ ಸಾಯುತ್ತಿತ್ತು, ಇನ್ನೊಂದರಲ್ಲಿ ಕೆಲವು ದಿನ ಸೊರಗಿ ನಿಂತಿದ್ದ ಬಳ್ಳಿ ಇದ್ದಕ್ಕಿದ್ದಂತೆ ಕಡು ಹಸಿರಾಗಿ ಮೇಲೇಳುತ್ತಿತ್ತು.

ಇಂಥ ಏರುಪೇರು ಕಂಡಾಗ ಪ್ರಯೋಗವೇ ಕೆಟ್ಟಿದೆ ಎಂದು ಕುಂಡ ಬರಿದು ಮಾಡುವುದು ಸುಲಭವಾಗಿತ್ತು. ಹೆಲ್‌ರೀಗೆಲ್ ಮತ್ತು ಅವರ ಸಹಾಯಕ ಹರ್ಮನ್ ವಿಲ್‌ಫಾರ್ತ್ ಹಾಗೆ ಮಾಡಲಿಲ್ಲ. ಚೆನ್ನಾಗಿ ಬೆಳೆದ ಬಳ್ಳಿಗಳನ್ನು ಬೇರುಸಹಿತ ಎತ್ತಿ ನೋಡಿದರು. ಅವುಗಳ ಬೇರಿನ ತುಂಬ ಸಣ್ಣ ಗಂಟುಗಳಿದ್ದವು. ಸತ್ತ ಬಳ್ಳಿಗಳ ಬೇರು ನುಣ್ಣಗಿತ್ತು.

ಈ ಗಂಟುಗಳನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲವೆಂದಲ್ಲ. ಹೊಲದಲ್ಲಿ ಕಳೆ ಕೀಳುವ ಯಾರ ಕಣ್ಣಿಗಾದರೂ ಬೀಳುವ ವಸ್ತು ಅದು. ಅದನ್ನು ರೋಗವೆಂದವರಿದ್ದರು, ಕೀಟದ ಕೆಲಸವೆಂದವರಿದ್ದರು. ದ್ವಿದಳ ಧಾನ್ಯ ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಹುಲುಸಾಗುತ್ತದೆ ಎನ್ನುವುದು ಎಲ್ಲ ದೇಶದ ರೈತರಿಗೂ ಗೊತ್ತಿತ್ತು. ನಮ್ಮ ರಾಗಿ ಹೊಲಗಳ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಬಿದ್ದದ್ದು ಬರೀ ಸಾರಿನ ರುಚಿಗಾಗಿ ಅಲ್ಲ. ಗೊತ್ತಿಲ್ಲದೆ ಇದ್ದದ್ದು ಕಾರಣ. ಅದನ್ನು ಹುಡುಕಿದವರಲ್ಲಿ ಎಡವಿದವರು ಸಣ್ಣಪುಟ್ಟವರಲ್ಲ ಎನ್ನುವುದು ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ ಭಾಗ.

ಫ್ರಾನ್ಸಿನ ಬೂಸೆಂಗೋ 1838ರಲ್ಲೇ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡ ಮತ್ತು ಬಟಾಣಿ ಗಾಳಿಯಿಂದ ಸಾರಜನಕ ಪಡೆಯುತ್ತಿರಬೇಕೆಂದು ಅಳೆದು ತೋರಿಸಿದ್ದರು. ಗೋಧಿಗೆ ಆ ಶಕ್ತಿ ಇಲ್ಲವೆಂಬುದನ್ನೂ ಕಂಡಿದ್ದರು. ಆದರೆ 1850ರ ದಶಕದಲ್ಲಿ ಅದನ್ನೇ ಇನ್ನೂ ಕಟ್ಟುನಿಟ್ಟಾಗಿ, ಕಾಸಿ ಸುಟ್ಟ ಮಣ್ಣಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಮಾಡಿದಾಗ ಲಾಭ ಮಾಯವಾಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್, ಅಮೆರಿಕದಿಂದ ಬಂದಿದ್ದ ತರುಣ ರಸಾಯನಶಾಸ್ತ್ರಜ್ಞ ಇವಾನ್ ಪ್ಯೂ ಜೊತೆಗೂಡಿ 1857ರಲ್ಲಿ ಇದೇ ಪರೀಕ್ಷೆಗೆ ಕೈಹಾಕಿದರು. ಒಂದು ಕಣ ಅಮೋನಿಯಾ ಕೂಡ ಹೊರಗಿನಿಂದ ಒಳಹೋಗದಂತೆ ಗಾಜಿನ ಗಂಟೆ ಕವಿಚಿದರು, ಮಣ್ಣನ್ನು ಕೆಂಪಗೆ ಕಾಸಿದರು, ಒಳಗೆ ಬಿಡುವ ಗಾಳಿಯನ್ನೂ ತೊಳೆದರು. ಯಾವ ಗಿಡವೂ ಗಾಳಿಯ ಸಾರಜನಕವನ್ನು ಹಿಡಿಯಲಾರದು ಎಂಬ ಅವರ ತೀರ್ಪು 1861ರಲ್ಲಿ ಪ್ರಕಟವಾಯಿತು. ಅದರ ಎದುರು ಇಪ್ಪತ್ತೈದು ವರ್ಷ ಯಾರ ಮಾತೂ ನಡೆಯಲಿಲ್ಲ. ಆ ಪ್ರಯೋಗದಲ್ಲಿ ಕೈತಪ್ಪು ಎಲ್ಲೂ ಇರಲಿಲ್ಲ. ಕೆಲಸ ಮಾಡುವ ಜೀವಿಯನ್ನೇ ಅವರು ಮೊದಲು ಬೆಂಕಿಯಲ್ಲಿ ಸುಟ್ಟಿದ್ದರು.

ಬೆರ್ನ್‌ಬುರ್ಗ್‌ನವರು ಮಾಡಿದ ಮುಂದಿನ ಕೆಲಸ ತೀರಾ ಸರಳ. ಚೆನ್ನಾಗಿ ಬಟಾಣಿ ಬೆಳೆಯುವ ಹೊಲದ ಒಂದಿಷ್ಟು ಮಣ್ಣನ್ನು ನೀರಿನಲ್ಲಿ ಕದಡಿ, ಮೇಲಿನ ನೀರನ್ನು ಮರಳಿನ ಕುಂಡಗಳಿಗೆ ಸ್ವಲ್ಪಸ್ವಲ್ಪ ಹನಿಸಿದರು. ಆ ನೀರಿನಲ್ಲಿದ್ದ ಸಾರಜನಕ ಲೆಕ್ಕಕ್ಕೇ ಬಾರದಷ್ಟು. ಆದರೂ ನೀರು ಬಿದ್ದ ಕುಂಡದ ಬಟಾಣಿಗಳೆಲ್ಲ ಗಂಟು ಕಟ್ಟಿ ಮೇಲೆದ್ದವು. ಅದೇ ನೀರನ್ನು ಕುದಿಸಿ ಆರಿಸಿ ಹಾಕಿದರೆ ಏನೂ ಆಗಲಿಲ್ಲ. ಲುಪಿನ್ ಎಂಬ ಇನ್ನೊಂದು ದ್ವಿದಳ ಗಿಡಕ್ಕೆ ಬಟಾಣಿ ಹೊಲದ ನೀರು ಹಾಕಿದಾಗ ಅದು ತಲೆಯೆತ್ತಲಿಲ್ಲ. ಲುಪಿನ್ ಬೆಳೆದ ಮರಳುಮಣ್ಣಿನ ನೀರು ಬಿದ್ದ ಮೇಲೆ ಎದ್ದಿತು. ಅಂದರೆ ಮಣ್ಣಿನಲ್ಲಿ ಬೆಂದರೆ ಸಾಯುವ ಏನೋ ಇದೆ, ಅದು ಎಲ್ಲ ಗಿಡಕ್ಕೂ ಒಂದೇ ಅಲ್ಲ. 1886ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ವಿಜ್ಞಾನಿಗಳ ಸಮ್ಮೇಳನದಲ್ಲಿ ಹೆಲ್‌ರೀಗೆಲ್ ಇದನ್ನು ಹೇಳಿದರು. ವಿವರವಾದ ವರದಿ 1888ರಲ್ಲಿ ಬಂತು. ರಾಥಮ್‌ಸ್ಟೆಡ್‌ನವರು ತಾವೇ ಮತ್ತೆ ಪ್ರಯೋಗ ಮಾಡಿ, ತಮ್ಮ ಹಳೆಯ ತೀರ್ಪನ್ನು ಬಿಟ್ಟುಕೊಟ್ಟರು.

ಅದೇ 1888ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಈಸ್ಟ್ ಕಾರ್ಖಾನೆಯೊಂದರಲ್ಲಿ ನೌಕರಿಯಲ್ಲಿದ್ದ ಮಾರ್ಟಿನಸ್ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಮರುವರ್ಷ ಅದಕ್ಕೆ ರೈಜೋಬಿಯಂ ಎಂಬ ಹೆಸರು ಬಿತ್ತು. ಹೆಸರಿಟ್ಟ ಬರ್ಲಿನ್ನಿನ ಫ್ರಾಂಕ್, ಪ್ರಶ್ಯದ ಸರ್ಕಾರ ಟ್ರಫಲ್ ಅಣಬೆ ಬೆಳೆಸುವ ದಾರಿ ಹುಡುಕಲು ಹೇಳಿದ್ದಾಗ ಮರದ ಬೇರು ಮತ್ತು ಶಿಲೀಂಧ್ರದ ಕೂಡುಬಾಳನ್ನು ಗುರುತಿಸಿ, 1885ರಲ್ಲಿ ಅದನ್ನು ಮೈಕೊರೈಜಾ ಎಂದು ಕರೆದಿದ್ದ ವಿಜ್ಞಾನಿ. ಐದಾರು ವರ್ಷಗಳೊಳಗೆ ಮಣ್ಣು ಬರೀ ಲವಣಗಳ ಉಗ್ರಾಣ ಎಂಬ ನಂಬಿಕೆ ಬಿದ್ದುಹೋಯಿತು.

ಒಳಗೆ ನಡೆಯುವುದು ಏನು ಎಂಬುದು ತಿಳಿಯಲು ಇನ್ನೂ ಬಹಳ ಕಾಲ ಹಿಡಿಯಿತು, ಆದರೆ ಮುಂದಿನ ಸೋಲುಗೆಲುವುಗಳು ಅರ್ಥವಾಗಲು ಅದು ಈಗಲೇ ಬೇಕು. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡಕ್ಕೆ ನಿಲುಕುವುದಿಲ್ಲ. ಸಾರಜನಕ ಬೇಕಾದ ದ್ವಿದಳ ಗಿಡದ ಬೇರು ಮಣ್ಣಿಗೆ ಒಂದು ರಾಸಾಯನಿಕ ಸುಳಿವು ಬಿಡುತ್ತದೆ. ಅದನ್ನು ಗುರುತಿಸಿದ ತಕ್ಕ ಬ್ಯಾಕ್ಟೀರಿಯಾ ತನ್ನ ಸುಳಿವನ್ನು ಮರಳಿಸುತ್ತದೆ. ಬೇರಿನ ಕೂದಲು ಸುರುಳಿಗಟ್ಟಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅದರ ಸುತ್ತ ಗಂಟು ಬೆಳೆಯುತ್ತದೆ. ಗಿಡ ಸಕ್ಕರೆ ಉಣಿಸುತ್ತದೆ, ಬ್ಯಾಕ್ಟೀರಿಯಾ ಸಾರಜನಕವನ್ನು ಅಮೋನಿಯಾ ಮಾಡಿ ಕೊಡುತ್ತದೆ. ಈ ಕೆಲಸದ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಹಾಳು. ಅದಕ್ಕೇ ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಕೆಂಪು ವಸ್ತುವೊಂದು ಆಮ್ಲಜನಕವನ್ನು ಹಿಡಿದು ಹದದಲ್ಲಿಡುತ್ತದೆ. ಸುಳಿವಿಗೆ ಸುಳಿವು ಹೊಂದದಿದ್ದರೆ ಗಂಟೇ ಇಲ್ಲ. ಲುಪಿನ್ ಹೇಳಿದ್ದು ಇದನ್ನೇ.

ವಿಷಯ ತಿಳಿದ ಕೂಡಲೇ ಉತ್ತರ ಜರ್ಮನಿಯ ಜೌಗುಭೂಮಿಗಳಲ್ಲಿ ಹೊಸದಾಗಿ ಹೊಲ ಮಾಡುತ್ತಿದ್ದವರು ಹಳೆಯ ಬಟಾಣಿ ಹೊಲದ ಮಣ್ಣನ್ನು ಗಾಡಿಗಟ್ಟಲೆ ತಂದು ಚೆಲ್ಲತೊಡಗಿದರು. ಹಾಲಿಗೆ ನಿನ್ನೆಯ ಮೊಸರಿನ ಹೆಪ್ಪು ಹಾಕಿದ ಹಾಗೆ. ಕೆಲಸ ಫಲಿಸಿತು. ಆದರೆ ಅಷ್ಟು ಮಣ್ಣು ಹೊರುವುದು ದುಬಾರಿ, ಜೊತೆಗೆ ಕಳೆಬೀಜವೂ ರೋಗವೂ ಬರುತ್ತಿದ್ದವು. ಸ್ಯಾಕ್ಸನಿಯ ಥಾರಾಂಟ್‌ನಲ್ಲಿ ಲೋಕದ ಮೊದಲ ಬೀಜ ಪರೀಕ್ಷಾ ಕೇಂದ್ರ ಕಟ್ಟಿದ್ದ ಫ್ರೀಡ್ರಿಶ್ ನೊಬ್ಬೆ ಮತ್ತು ಅವರ ಶಿಷ್ಯ ಲೊರೆಂಜ್ ಹಿಲ್ಟ್‌ನರ್ ಇದಕ್ಕೊಂದು ಉಪಾಯ ಕಂಡರು. ಹೊರಬೇಕಾದದ್ದು ಮಣ್ಣಲ್ಲ, ಅದರೊಳಗಿನ ಜೀವಿ. ಅದನ್ನೇ ಗಾಜಿನ ಬಾಟಲಿಯಲ್ಲಿ ಜೆಲಟಿನ್ ಮೇಲೆ ಬೆಳೆಸಿ ಮಾರಿದರೆ? 1890ರ ದಶಕದ ನಡುವೆ ಪೇಟೆಂಟ್ ಪಡೆದ ಆ ಸರಕು ನೈಟ್ರಾಜಿನ್ ಎಂಬ ಹೆಸರಿನಲ್ಲಿ ಹೋಕ್ಸ್ಟ್ ಕಂಪನಿಯ ಮೂಲಕ ಪೇಟೆಗೆ ಬಂತು. ಬಟಾಣಿಗೊಂದು, ಕ್ಲೋವರ್‌ಗೊಂದು, ಲುಪಿನ್‌ಗೊಂದು ಎಂದು ಬೆಳೆಗೊಂದು ಬಾಟಲಿ. ಜೀವಾಣು ಗೊಬ್ಬರ ಮಾರಾಟಕ್ಕೆ ಬಂದದ್ದು ಹೀಗೆ.

ಅದು ಉಳಿಯಲಿಲ್ಲ. ಬೆಚ್ಚಗಿನ ಜಾಗದಲ್ಲಿ ಜೆಲಟಿನ್ ಕರಗುತ್ತಿತ್ತು, ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತಿತ್ತು. ಮೊದಲೇ ಬಟಾಣಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬ್ಯಾಕ್ಟೀರಿಯಾ ಆಗಲೇ ತುಂಬಿದ್ದರಿಂದ, ಬಾಟಲಿಯ ಜೀವಿ ಬದುಕಿ ತಲುಪಿದರೂ ರೈತನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಂಪನಿ ಏಕದಳ ಧಾನ್ಯಕ್ಕೆಂದು ಅಲಿನಿಟ್ ಎಂಬ ಬ್ಯಾಕ್ಟೀರಿಯಾ ಮಾರಲು ಹೋಗಿ ಇದಕ್ಕಿಂತ ಬೇಗ ಸೋತಿತು. ಹಿಲ್ಟ್‌ನರ್ ಮಾತ್ರ ಈ ಸೋಲಿನಿಂದ ಕಂಗೆಡದೆ ಬೇರಿನ ಸುತ್ತಲ ಮಣ್ಣಿನಲ್ಲಿ ಯಾರು ಯಾರೊಡನೆ ಪೈಪೋಟಿ ಮಾಡುತ್ತಾರೆಂದು ನೋಡುತ್ತ ಹೋದರು. 1904ರಲ್ಲಿ ಆ ಪದರಕ್ಕೆ ಅವರು ಕೊಟ್ಟ ರೈಜೋಸ್ಫಿಯರ್ ಎಂಬ ಹೆಸರು ಈಗ ಮಣ್ಣಿನ ವಿಜ್ಞಾನದ ಒಂದು ಶಾಖೆಯೇ ಆಗಿದೆ.

ಅದೇ 1904ರಲ್ಲಿ ಅಮೆರಿಕದಲ್ಲಿ ನಡೆದದ್ದು ಇದಕ್ಕಿಂತ ದೊಡ್ಡ ಗದ್ದಲ. ಅಲ್ಲಿನ ಕೃಷಿ ಇಲಾಖೆಯ ಜಾರ್ಜ್ ಟಿ. ಮೂರ್, ಬ್ಯಾಕ್ಟೀರಿಯಾವನ್ನು ಹತ್ತಿಯಲ್ಲಿ ಹೀರಿಸಿ ಒಣಗಿಸಿದರೆ ಅಂಚೆಯಲ್ಲೇ ಕಳಿಸಬಹುದು ಎಂದರು. ಪೇಟೆಂಟ್ ಪಡೆದು, ಅದನ್ನು ಜನರ ಬಳಕೆಗೆ ಬಿಟ್ಟುಕೊಟ್ಟರು. ಇಲಾಖೆ ರೈತರಿಗೆ ಪುಕ್ಕಟೆಯಾಗಿ ಪೊಟ್ಟಣ ಹಂಚಿತು. ಒಂದರಲ್ಲಿ ಹತ್ತಿ, ಉಳಿದವುಗಳಲ್ಲಿ ಸಕ್ಕರೆ ಮತ್ತು ಲವಣಗಳು. ಬಕೆಟ್ ನೀರಿಗೆ ಹಾಕಿಟ್ಟು ನೀರು ಕದಡಿದಂತಾದಾಗ ಬೀಜ ನೆನೆಸಿ ಬಿತ್ತುವುದು. ಆ ವರ್ಷ ಅಕ್ಟೋಬರಿನಲ್ಲಿ ಸೆಂಚುರಿ ಪತ್ರಿಕೆಯಲ್ಲಿ ಗಿಲ್ಬರ್ಟ್ ಗ್ರೋವ್ನರ್ ಬರೆದ ಲೇಖನ ಇದನ್ನು ಮನೆಮಾತು ಮಾಡಿತು. ಸತ್ತ ನೆಲಕ್ಕೆ ಜೀವ ಬರುತ್ತದೆ, ಗೊಬ್ಬರದ ಚಿಂತೆ ಮುಗಿಯಿತು ಎಂದು ಓದಿದವರು ನಂಬಿದರು. ನಂಬಿದ ರೈತರನ್ನು ನಾನು ದೂರಲಾರೆ. ಅದಕ್ಕೆ ಆರು ವರ್ಷ ಮೊದಲಷ್ಟೇ, 1898ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಚಿಲಿ ದೇಶದ ನೈಟ್ರೇಟ್ ಮುಗಿದರೆ ಗೋಧಿ ಉಣ್ಣುವ ಲೋಕ ಹಸಿಯುತ್ತದೆ ಎಂದು ಎಚ್ಚರಿಸಿದ್ದರು. ಭಯ ಎಷ್ಟು ದೊಡ್ಡದಿತ್ತೋ ಆಸೆಯೂ ಅಷ್ಟೇ ದೊಡ್ಡದಾಯಿತು.

ಮರುವರ್ಷವೇ ನ್ಯೂಯಾರ್ಕ್ ರಾಜ್ಯದ ಜಿನೀವಾ ಕೃಷಿ ಪ್ರಯೋಗ ಕೇಂದ್ರದವರು ಮಾರುಕಟ್ಟೆಯ ಪೊಟ್ಟಣಗಳನ್ನು ಕೊಂಡು ಪರೀಕ್ಷಿಸಿ, ಅವು ಕೆಲಸಕ್ಕೆ ಬಾರದವು ಎಂದು ವರದಿ ಬರೆದರು. ಹತ್ತಿಯಲ್ಲಿ ಒಣಗುವ ಹೊತ್ತಿಗೇ ಬ್ಯಾಕ್ಟೀರಿಯಾ ಬಹುಪಾಲು ಸತ್ತಿರುತ್ತಿತ್ತು. ಬಕೆಟ್ಟಿನ ನೀರು ಕದಡುತ್ತಿದ್ದದ್ದೇನೋ ನಿಜ, ಆದರೆ ಅಲ್ಲಿ ಬೆಳೆದದ್ದು ಸಕ್ಕರೆ ಕಂಡು ಬಂದ ಬೇರೆ ಸೂಕ್ಷ್ಮಜೀವಿಗಳು. ಪೊಟ್ಟಣ ಮಾರುತ್ತಿದ್ದ ಖಾಸಗಿ ಕಂಪನಿಯೊಂದರ ಜೊತೆ ಮೂರ್ ಅವರಿಗೆ ನಂಟಿದೆ ಎಂಬ ಆರೋಪವೂ ಎದ್ದು, 1905ರಲ್ಲಿ ಅವರು ರಾಜೀನಾಮೆ ಕೊಟ್ಟರು. ಕೆಟ್ಟದ್ದು ಒಬ್ಬರ ಹೆಸರಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಿಜವಾದ ಒಂದು ಶೋಧವೇ ಜನರ ಕಣ್ಣಿನಲ್ಲಿ ಸಂತೆಯ ಔಷಧಿಯ ಮಟ್ಟಕ್ಕೆ ಇಳಿಯಿತು.

ಅಷ್ಟರಲ್ಲಿ ಬೇರೆ ಬಾಗಿಲು ತೆರೆಯಿತು. 1909ರಲ್ಲಿ ಫ್ರಿಟ್ಜ್ ಹೇಬರ್ ಭಾರೀ ಒತ್ತಡದಲ್ಲಿ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಶ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿ, 1913ರಲ್ಲಿ ಓಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ಈ ಗೊಬ್ಬರ ಗೋದಾಮಿನಲ್ಲಿ ಸಾಯುವುದಿಲ್ಲ. ಬಿಸಿಲಿಗೆ ಹೆದರುವುದಿಲ್ಲ, ಯಾವ ಬೆಳೆಗೆ ಯಾವುದೆಂದು ಕೇಳುವುದಿಲ್ಲ. ಮುಂದಿನ ಅರ್ಧ ಶತಮಾನ ಅದರದ್ದೇ.

ಆದರೂ ಕೆಲವರು ಸದ್ದಿಲ್ಲದೆ ಹಿಡಿದ ಕೆಲಸ ಬಿಡಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಯಾವ ಬೆಳೆಗಳ ಗುಂಪಿಗೆ ಹೊಂದುತ್ತದೆ ಎಂದು ವರ್ಷಗಟ್ಟಲೆ ಪಟ್ಟಿ ಮಾಡಿದರು. ಜೆಲಟಿನ್, ಹತ್ತಿಗಳ ಜಾಗಕ್ಕೆ ನುಣ್ಣಗೆ ಅರೆದ ಪೀಟ್ ಬಂತು. ಕೊಳೆತ ಸಸ್ಯಗಳಿಂದಾದ, ತೇವ ಹಿಡಿದಿಡುವ ಆ ಕಪ್ಪು ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಬದುಕುತ್ತಿತ್ತು. ಆಸ್ಟ್ರೇಲಿಯದ ಹುಲ್ಲುಗಾವಲುಗಳಲ್ಲಿ 1950ರ ದಶಕದ ಆರಂಭದಲ್ಲಿ ಕೆಟ್ಟ ಪೊಟ್ಟಣಗಳಿಂದ ಬಿತ್ತನೆ ಹಾಳಾದಾಗ, ಸಿಡ್ನಿ ವಿಶ್ವವಿದ್ಯಾಲಯದ ಜೆ.ಎಂ. ವಿನ್ಸೆಂಟ್ ಮುಂದೆ ನಿಂತು, ತಯಾರಾದ ಸರಕನ್ನು ತಯಾರಕರಲ್ಲದವರು ಪರೀಕ್ಷಿಸುವ ವ್ಯವಸ್ಥೆ ಕಟ್ಟಿದರು. ಪತ್ರಿಕೆಗಳಲ್ಲಿ ಮೆರೆಯುವ ಕೆಲಸವಲ್ಲ ಇದು. ಆದರೆ ನೈಟ್ರಾಜಿನ್‌ಗೂ ಮೂರ್ ಅವರ ಹತ್ತಿಗೂ ಕೊರತೆಯಾಗಿದ್ದದ್ದು ಇದೇ ಕೆಲಸ.

ಈಗ ಬ್ರೆಜಿಲ್. ಈ ಇತಿಹಾಸದಲ್ಲಿ ನಾನು ಬಹಳ ಗೌರವದಿಂದ ಕಾಣುವ ಹೆಸರು ಅಲ್ಲಿನದು. ಯೊಹಾನಾ ಡ್ಯೋಬೆರೈನರ್ 1924ರಲ್ಲಿ ಆಗಿನ ಚೆಕೊಸ್ಲೊವಾಕಿಯದ ಜರ್ಮನ್ ಮಾತಾಡುವ ಕುಟುಂಬದಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧ ಮುಗಿದಾಗ ಜರ್ಮನ್ನರಲ್ಲಿ ಬಹುಪಾಲು ಜನರನ್ನು ಅಲ್ಲಿಂದ ಹೊರಹಾಕಲಾಯಿತು. ಮನೆಮಠ ಕಳೆದುಕೊಂಡು ಜರ್ಮನಿ ಸೇರಿದ ಹುಡುಗಿ ಜಮೀನೊಂದರಲ್ಲಿ ಹಾಲು ಕರೆದು, ಗೊಬ್ಬರ ಹರಡಿ ಹೊಟ್ಟೆ ಹೊರೆದರು. ಆಮೇಲೆ ಮ್ಯೂನಿಕ್‌ನಲ್ಲಿ ಕೃಷಿ ಓದಿ, ಪಶುವೈದ್ಯ ಗಂಡನ ಜೊತೆ ಬ್ರೆಜಿಲ್‌ಗೆ ಬಂದು, ರಿಯೋ ನಗರದ ಹೊರವಲಯದ ಸೆರೋಪೆಡಿಕಾದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ ಹಿಡಿದರು. ಜೀವನವಿಡೀ ಅಲ್ಲಿಯೇ ಇದ್ದರು.

1960ರ ದಶಕದಲ್ಲಿ ಬ್ರೆಜಿಲ್ ಸೋಯಾ ಅವರೆಯನ್ನು ದೊಡ್ಡದಾಗಿ ಬೆಳೆಯಲು ಹೊರಟಿತು. ಸೋಯಾ ಪೂರ್ವ ಏಷ್ಯಾದ ಬೆಳೆ. ಅದಕ್ಕೆ ಹೊಂದುವ ಬ್ಯಾಕ್ಟೀರಿಯಾ ಬ್ರೆಜಿಲ್ಲಿನ ಮಣ್ಣಿನಲ್ಲಿ ಇರಲೇ ಇಲ್ಲ. ಯೂರಿಯಾ ಸುರಿದು ತಳಿಗಳನ್ನು ಆರಿಸುವುದು ಆಗಿನ ದಾರಿ. ಡ್ಯೋಬೆರೈನರ್ ಅದಕ್ಕೆ ಅಡ್ಡ ನಿಂತರು. ಸಾರಜನಕ ಧಾರಾಳವಾಗಿ ಸಿಕ್ಕ ಗಿಡ ಗಂಟು ಕಟ್ಟುವ ಗೊಡವೆಗೆ ಹೋಗುವುದಿಲ್ಲ. ಅಂಥ ಹೊಲದಲ್ಲಿ ಗೆದ್ದ ತಳಿ ಬ್ಯಾಕ್ಟೀರಿಯಾದ ಜೊತೆ ಬಾಳುವುದನ್ನೇ ಮರೆತ ತಳಿಯಾಗಿರುತ್ತದೆ. ಆದ್ದರಿಂದ ಸಾರಜನಕ ಗೊಬ್ಬರವನ್ನೇ ಹಾಕದ ಹೊಲದಲ್ಲಿ, ಬ್ಯಾಕ್ಟೀರಿಯಾ ಲೇಪಿಸಿದ ಬೀಜದಿಂದ ತಳಿಗಳನ್ನು ಆರಿಸಬೇಕು ಎಂಬುದು ಅವರ ವಾದ. ರಸಗೊಬ್ಬರವೇ ಮುಂದುವರಿದವರ ಗುರುತಾಗಿದ್ದ ಕಾಲದಲ್ಲಿ ಈ ಮಾತಾಡಲು ಗಟ್ಟಿ ಎದೆ ಬೇಕಿತ್ತು. ಮಾತು ನಡೆಯಿತು. ಇವತ್ತು ಸೋಯಾ ಬೆಳೆಯುವುದರಲ್ಲಿ ಬ್ರೆಜಿಲ್ ಲೋಕಕ್ಕೇ ಮೊದಲು, ಮತ್ತು ಆ ಬೆಳೆಗೆ ಅಲ್ಲಿ ಸಾರಜನಕ ಗೊಬ್ಬರ ಹೆಚ್ಚುಕಡಿಮೆ ಹಾಕುವುದೇ ಇಲ್ಲ. ಉಳಿಯುತ್ತಿರುವ ಹಣ ವರ್ಷಕ್ಕೆ ಶತಕೋಟಿ ಡಾಲರ್‌ಗಳ ಲೆಕ್ಕದ್ದು.

ಅವರ ಇನ್ನೊಂದು ಕಾಣಿಕೆ ಹುಲ್ಲಿನ ಜಾತಿಯ ಬೆಳೆಗಳದ್ದು. ಮೆಕ್ಕೆಜೋಳ, ಗೋಧಿ, ಕಬ್ಬು ಗಂಟು ಕಟ್ಟುವುದಿಲ್ಲ. ಆದರೂ ಬ್ರೆಜಿಲ್ಲಿನ ಕೆಲವು ಕಬ್ಬಿನ ಹೊಲಗಳು ಗೊಬ್ಬರದ ಲೆಕ್ಕಕ್ಕೆ ಮೀರಿ ಬೆಳೆಯುತ್ತಿದ್ದವು. ಬೇರಿನ ಹತ್ತಿರ ಗಾಳಿ ಕಡಿಮೆ ಎಂಬುದನ್ನು ನೆನಪಿಟ್ಟು, ಡ್ಯೋಬೆರೈನರ್ ಗಟ್ಟಿಯೂ ಅಲ್ಲದ ನೀರೂ ಅಲ್ಲದ ಗಂಜಿಯಂಥ ಮಾಧ್ಯಮವನ್ನು ಸಾರಜನಕವಿಲ್ಲದೆ ತಯಾರಿಸಿದರು. ಅದರಲ್ಲಿ ಬ್ಯಾಕ್ಟೀರಿಯಾ ತನಗೆ ಹಿತವಾದಷ್ಟು ಗಾಳಿ ಸಿಗುವ ಆಳವನ್ನು ತಾನೇ ಹುಡುಕಿಕೊಂಡು, ಅಲ್ಲಿ ಬಿಳಿಯ ಪೊರೆ ಕಟ್ಟುತ್ತಿತ್ತು. ಅಗ್ಗದ ಈ ಉಪಾಯದಿಂದ 1970ರ ದಶಕದಲ್ಲಿ ಸಿಕ್ಕದ್ದು ಇಂದು ಅಜೋಸ್ಪಿರಿಲಂ ಎಂದು ಕರೆಯುವ ಬ್ಯಾಕ್ಟೀರಿಯಾ. 1988ರಲ್ಲಿ ಕಬ್ಬಿನ ಜಲ್ಲೆಯ ಒಳಗೇ ಬಾಳುವ ಇನ್ನೊಂದು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ವರದಿಯಾಯಿತು. ಅಜೋಸ್ಪಿರಿಲಂ ಸಾರಜನಕ ಕೊಡುವುದು ಕಡಿಮೆಯೇ. ಅದು ಬಿಡುವ ಹಾರ್ಮೋನಿನಿಂದ ಬೇರು ಕವಲೊಡೆದು ಹರಡಿ ನೀರು, ಗೊಬ್ಬರ ಎರಡನ್ನೂ ಹೆಚ್ಚು ಹೀರುತ್ತದೆ. ಡ್ಯೋಬೆರೈನರ್ 2000ದಲ್ಲಿ ತೀರಿಕೊಂಡರು. ಇದೇ ದಾರಿಯಲ್ಲಿ ಮುಂದೆ ನಡೆದ ಮರಿಯಾಂಜೆಲಾ ಉಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು.

ನಮ್ಮ ದೇಶದ ಕಥೆಯೂ ಚಿಕ್ಕದಲ್ಲ. 1920ರಲ್ಲೇ ಎನ್.ವಿ. ಜೋಶಿ ಇಲ್ಲಿನ ದ್ವಿದಳ ಗಿಡಗಳ ಬ್ಯಾಕ್ಟೀರಿಯಾ ಕುರಿತು ಬರೆದಿದ್ದರು. ಗೊಬ್ಬರ ಕಾಣದ ಭತ್ತದ ಗದ್ದೆ ವರ್ಷ ವರ್ಷವೂ ಫಲ ಕೊಡುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ, ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿ ಕಾರಣವೆಂದು ಪಿ.ಕೆ. ಡೇ 1939ರಲ್ಲಿ ತೋರಿಸಿಕೊಟ್ಟರು. 1983ರಲ್ಲಿ ಕೇಂದ್ರ ಸರ್ಕಾರ ಗಾಜಿಯಾಬಾದ್‌ನಲ್ಲಿ ಜೈವಿಕ ಗೊಬ್ಬರದ ರಾಷ್ಟ್ರೀಯ ಕೇಂದ್ರ ತೆರೆದಾಗ, ಅದರ ಪ್ರಾದೇಶಿಕ ಕೇಂದ್ರಗಳಲ್ಲೊಂದು ಬೆಂಗಳೂರಿಗೆ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು, ಫ್ರಾಂಕ್ ಹೆಸರಿಟ್ಟ ಬೇರುಶಿಲೀಂಧ್ರದ ಸೋದರರನ್ನು ನಮ್ಮ ಬೆಳೆಗಳಿಗೂ ನರ್ಸರಿ ಸಸಿಗಳಿಗೂ ಹೊಂದಿಸುವ ಕೆಲಸಕ್ಕೆ ದಶಕಗಳನ್ನೇ ಕೊಟ್ಟರು. ಮಣ್ಣಿನ ರಂಜಕವನ್ನು ಬೇರು ಚಾಚದ ದೂರದಿಂದ ಹೊತ್ತು ತರುವ ಈ ಶಿಲೀಂಧ್ರ ಬಾಟಲಿಯಲ್ಲಿ ತಾನೇ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಬೇರೇ ಬೇಕು. ಹಾಗಾಗಿ ಕುಂಡದಲ್ಲಿ ಗಿಡ ಬೆಳೆಸಿ, ಆ ಬೇರು ಮತ್ತು ಮಣ್ಣನ್ನೇ ಗೊಬ್ಬರವಾಗಿ ಕೊಡುತ್ತಾರೆ.

ನಮ್ಮ ಹವೆಯಲ್ಲಿ ಹಳೆಯ ತೊಡಕುಗಳೆಲ್ಲ ದುಪ್ಪಟ್ಟು. ಪೀಟ್ ಇಲ್ಲಿ ಅಪರೂಪ, ಅದರ ಬದಲು ಲಿಗ್ನೈಟ್ ಅಥವಾ ಇದ್ದಿಲ ಪುಡಿ. ಬಿತ್ತನೆಗೆ ಮೊದಲು ಪೊಟ್ಟಣಗಳು ಅಂಗಡಿ ಸೇರುವುದು ಬೇಸಿಗೆಯ ಕೊನೆಯ ಉರಿಯಲ್ಲಿ. 2006ರಲ್ಲಿ ಜೈವಿಕ ಗೊಬ್ಬರವನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದು, ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ನಿಯಮ ಮಾಡಿದರು. ಈ ಅಂಕಿ ಕಾರ್ಖಾನೆಯಿಂದ ಹೊರಟಾಗ ಇದ್ದರೆ ಸಾಲದು, ರೈತ ಪೊಟ್ಟಣ ಬಿಚ್ಚುವ ದಿನ ಇರಬೇಕು. ಯೂರಿಯಾ ಚೀಲದ ಪಕ್ಕದಲ್ಲಿ, ತಗಡಿನ ಚಾವಣಿಯ ಕೆಳಗೆ ಪೊಟ್ಟಣ ಪೇರಿಸಿಟ್ಟ ಅಂಗಡಿ ಕಂಡಾಗಲೆಲ್ಲ ನನಗೆ 1905ರ ಹತ್ತಿ ನೆನಪಾಗಿ ಸಂಕಟವಾಗುತ್ತದೆ. ಹಣ ಕೊಟ್ಟು ಮಸಿ ತಂದ ರೈತ ಮುಂದೆ ಒಳ್ಳೆಯದನ್ನೂ ನಂಬುವುದಿಲ್ಲ.

ಬೀದರ್, ಬೆಳಗಾವಿ, ಧಾರವಾಡದ ಕಡೆ ಹೊಸ ಹೊಲಕ್ಕೆ ಸೋಯಾ ಹಾಕುವವರಿಗೂ, ಕಡಲೆ ಮೊದಲ ಸಲ ಬಿತ್ತುವವರಿಗೂ ಈ ಪೊಟ್ಟಣದ ಲಾಭ ಕಣ್ಣಿಗೆ ಕಾಣುವಂಥದ್ದು, ಏಕೆಂದರೆ ಆ ಎರಡು ಬೆಳೆಗಳಿಗೆ ಹೊಂದುವ ಬ್ಯಾಕ್ಟೀರಿಯಾವೇ ಬೇರೆ. ಹುರುಳಿ, ಅಲಸಂದೆ, ಶೇಂಗಾ ಬೆಳೆದು ಪಳಗಿದ ನೆಲದಲ್ಲಿ ಅಷ್ಟು ಎದ್ದು ಕಾಣದಿರಬಹುದು. ಬೆಲ್ಲದ ಪಾಕ ಪೂರ್ತಿ ಆರಿದ ಮೇಲೆ ಪುಡಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ, ತಡಮಾಡದೆ ಬಿತ್ತಬೇಕು. ಹೂ ಬಿಡುವ ಹೊತ್ತಿಗೆ ಹೊಲದ ನಾಲ್ಕಾರು ಕಡೆ ಗಿಡವನ್ನು ಎಳೆಯದೆ, ಸಲಿಕೆಯಿಂದ ಮಣ್ಣುಸಹಿತ ಎತ್ತಿ, ಗಂಟನ್ನು ಉಗುರಿನಿಂದ ಸೀಳಿ ನೋಡಬಹುದು. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಿದ್ದರೆ, ಗಂಟೇ ಇಲ್ಲದಿದ್ದರೆ, ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ, ಬ್ಯಾಚ್ ನಂಬರು ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು.